ಗೆದ್ದವರು ಬರೆದ ಪುಸ್ತಕ

ಒಂದು ಸಂಜೆ ನಮ್ಮ ಕಲಿಕಾ ಕೇಂದ್ರಕ್ಕೆ ಅಕ್ಕ ಒಬ್ಬರು ದಪ್ಪ ಪುಸ್ತಕ ತಂದರು. ಇಂಗ್ಲಿಷ್ ಪುಸ್ತಕ. ಮಗ ಪೇಟೆಯಿಂದ ತಂದದ್ದಂತೆ.

"ಇದನ್ನು ಓದಿದ ಮೇಲೆ ಹುಡುಗ ಕೆಲಸ ಬಿಡ್ತೀನಿ, ಸ್ವಂತ ಕಂಪನಿ ಮಾಡ್ತೀನಿ ಅಂತಾನೆ. ಸಂಘದಲ್ಲಿ ಸಾಲ ತೆಗೆದುಕೊಡು ಅಂತಾನೆ. ಇದರಲ್ಲಿ ಬರೆದದ್ದೆಲ್ಲ ನಿಜವಾ ಟೀಚರ್?" ಎಂದು ಕೇಳಿದರು.

ಒಳ್ಳೆಯ ಪ್ರಶ್ನೆ. ನಾವೆಲ್ಲ ಸೇರಿ ವಿಚಾರ ಮಾಡೋಣ.

ಕಂಪ್ಯೂಟರ್ ತಾನಾಗಿ ಏನೂ ಮಾಡದು. ಮೊದಲು ಇದು ಮಾಡು, ಆಮೇಲೆ ಅದು ಮಾಡು ಅಂತ ಹೆಜ್ಜೆ ಹೆಜ್ಜೆಗೂ ಹೇಳಬೇಕು. ಹಾಗೆ ಬರೆದುಕೊಟ್ಟ ಸೂಚನೆಗಳೇ ಸಾಫ್ಟ್‌ವೇರ್. ಬ್ಯಾಂಕಿನ ಲೆಕ್ಕಕ್ಕೆ, ರೈಲು ಟಿಕೆಟ್ಟಿಗೆ, ನಮ್ಮ ಮೊಬೈಲಿಗೆ, ಎಲ್ಲಕ್ಕೂ ಅದು ಬೇಕು. ಅದನ್ನು ಮಾಡಿ ಮಾರುವ ಕಂಪನಿ ಕಟ್ಟಿದವರಲ್ಲಿ ಕೆಲವರು ಪುಸ್ತಕ ಬರೆದಿದ್ದಾರೆ. ವ್ಯಾಪಾರ ಹೇಗೆ ಮಾಡಬೇಕು, ಕೆಲಸದಲ್ಲಿ ಹೇಗೆ ಮೇಲೆ ಬರಬೇಕು ಅಂತ ಬುದ್ಧಿ ಹೇಳುತ್ತಾರೆ. ಮೈಂಡ್‌ಟ್ರೀ ಕಟ್ಟಿದವರಲ್ಲಿ ಒಬ್ಬರಾದ ಸುಬ್ರತೋ ಬಾಗ್ಚಿ ಇಂಥ ಹಲವು ಪುಸ್ತಕ ಬರೆದರು. ಇನ್ಫೋಸಿಸ್‌ನ ನಾರಾಯಣ ಮೂರ್ತಿ ಅವರ ಭಾಷಣಗಳ ಪುಸ್ತಕ 2009ರಲ್ಲಿ ಬಂತು.

ಮೂರ್ತಿ ಅವರು ನಮ್ಮ ಶಿಡ್ಲಘಟ್ಟದಲ್ಲಿ ಹುಟ್ಟಿದವರು. ತಂದೆ ಮೇಷ್ಟ್ರು. 1981ರಲ್ಲಿ ಏಳು ಜನ ಇಂಜಿನಿಯರುಗಳು ಸೇರಿ ಪುಣೆಯಲ್ಲಿ ಕಂಪನಿ ಶುರು ಮಾಡಿದರು. ಒಂಬತ್ತು ವರ್ಷ ದುಡಿದರೂ ಅದು ಸಣ್ಣದಾಗಿಯೇ ಇತ್ತು. 1990ರಲ್ಲಿ ಅದನ್ನು 10 ಲಕ್ಷ ಡಾಲರಿಗೆ ಮಾರುವ ಮಾತು ಬಂತು. ಜೊತೆಗಾರರಿಗೆ ಮಾರುವ ಮನಸ್ಸು. ಮೂರ್ತಿ ಅವರು, ನಿಮ್ಮ ಪಾಲನ್ನು ನಾನೇ ಕೊಳ್ಳುತ್ತೇನೆ ಅಂದರು. ಆಗ ಅವರೂ ಮನಸ್ಸು ಬದಲಿಸಿದರು.

ಇನ್ನೊಂದು ಕಥೆ 1995ರದು. ಕಂಪನಿಯ ಆದಾಯದಲ್ಲಿ ನೂರಕ್ಕೆ 25 ರೂಪಾಯಿ ಒಬ್ಬನೇ ಗಿರಾಕಿಯಿಂದ ಬರುತ್ತಿತ್ತು. ಆ ಗಿರಾಕಿ ಬೆಲೆ ತುಂಬಾ ಇಳಿಸಿ ಎಂದು ಒತ್ತಿದ. ಇವರು ಆಗದು ಅಂದರು. ಗಿರಾಕಿ ಕೈಬಿಟ್ಟ. ಅಂದಿನಿಂದ ಯಾವ ಒಬ್ಬ ಗಿರಾಕಿಯನ್ನೂ ಅಷ್ಟು ನೆಚ್ಚಬಾರದು ಎಂದು ನಿಶ್ಚಯಿಸಿದರು. ನಮ್ಮ ಹಪ್ಪಳದ ಸಂಘದವರು ಈ ಕಥೆಯನ್ನು ಎರಡು ಸಲ ಓದಬೇಕು. ನಮ್ಮ ಹಪ್ಪಳವೆಲ್ಲ ಒಂದೇ ಅಂಗಡಿಗೆ ಹೋಗುತ್ತೆ ತಾನೆ?

ಹಾಗಾದರೆ ಪುಸ್ತಕದ ಮಾತು ಸುಳ್ಳಲ್ಲ. ಆದರೆ ಪುಸ್ತಕ ಬರೆಯುವವರು ಗೆದ್ದವರು. ಬಾಗಿಲು ಮುಚ್ಚಿದವರ ಪುಸ್ತಕವನ್ನು ಯಾರು ಅಚ್ಚು ಹಾಕುತ್ತಾರೆ? ಅವರೂ ಹಗಲು ರಾತ್ರಿ ದುಡಿದಿದ್ದರು. ಕಾಲವೂ ಕೂಡಿ ಬರಬೇಕು. ಮೊದಲು ಹೊರದೇಶದಿಂದ ಒಂದು ಕಂಪ್ಯೂಟರ್ ತರಿಸಲು ದಿಲ್ಲಿಗೆ ಎಷ್ಟೋ ಸಲ ಅಲೆಯಬೇಕಿತ್ತು. 1991ರಲ್ಲಿ ಸರ್ಕಾರ ನಿಯಮ ಸಡಿಲಿಸಿತು. ಅದರಿಂದ ನಮಗೆ ಅನುಕೂಲವಾಯಿತು ಎಂದು ಮೂರ್ತಿ ಅವರೇ ಹೇಳಿದ್ದಾರೆ.

ಕಂಪನಿ ಬೆಳೆಯುವ ತನಕ ಮನೆ ನಡೆಸಿದ್ದು ಯಾರು? ಹೆಂಡತಿ ಸುಧಾ ಮೂರ್ತಿ. ಅವರೂ ಇಂಜಿನಿಯರು. ಮನೆ ಖರ್ಚು ಅವರ ಸಂಬಳದಲ್ಲಿ ನಡೆಯಿತು. ಕಂಪನಿಯ ಮೊದಲ ಬಂಡವಾಳ 10,000 ರೂಪಾಯಿಯೂ ಅವರ ಉಳಿತಾಯದ್ದೇ.

ಅದಕ್ಕೇ ನಾವು ಅಕ್ಕನಿಗೆ ಹೇಳಿದೆವು. ಪುಸ್ತಕವನ್ನು ಬೈಯಬೇಡಿ, ಮಗನನ್ನೂ ಬೈಯಬೇಡಿ. ಅವನನ್ನು ಕೇಳಿ. ನೀನು ಮಾಡಿದ್ದನ್ನು ಕೊಳ್ಳುವವರು ಯಾರು? ಸಂಬಳವಿಲ್ಲದೆ ಮನೆ ಎಷ್ಟು ತಿಂಗಳು ನಡೆಯುತ್ತೆ? ಸಾಲ ಯಾರ ಹೆಸರಲ್ಲಿ? ಕಂತು ತಪ್ಪಿದರೆ ಸಂಘದ ಉಳಿದ ಹೆಂಗಸರ ಗತಿ ಏನು?

ಸುಧಾ ಅವರ ಹತ್ತಿರ ಆಗ ಇದ್ದದ್ದು 10,250 ರೂಪಾಯಿ. 10,000 ಕೊಟ್ಟು 250 ಕಷ್ಟಕಾಲಕ್ಕೆ ಇಟ್ಟುಕೊಂಡರಂತೆ. ಇದನ್ನು ಹೇಳಿದಾಗ ಎಲ್ಲರೂ ಗೊಳ್ಳೆಂದು ನಕ್ಕರು. "ಅವರ ಮನೇಲೂ ಸಾಸಿವೆ ಡಬ್ಬಿ ಇತ್ತು ಅನ್ನಿ!" ಅಂದರು ಒಬ್ಬರು.

ಪುಸ್ತಕ ತಂದ ಅಕ್ಕ ನಗಲಿಲ್ಲ. ನಾಲ್ಕು ಪ್ರಶ್ನೆಗಳನ್ನೂ ತಮ್ಮ ನೋಟ್‌ಬುಕ್ಕಿನಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಬರೆಯುತ್ತಿದ್ದರು. 'ಕಂತು' ಬರೆಯುವಾಗ ಸೊನ್ನೆ ಮರೆತಿದ್ದರು. ತೋರಿಸಿದೆವು. ತಿದ್ದಿಕೊಂಡು, "ರಾತ್ರಿ ಊಟ ಆದ ಮೇಲೆ ಅವನ ಮುಂದೆ ನಾನೇ ಓದ್ತೀನಿ" ಅಂದರು.