ಹೊರೆ ಇಳಿದರೂ ಕಾವಲು ಉಳಿದಿದೆ

ಹಾರ, ಶಾಲು, ಮೈಸೂರು ಪೇಟ, ನಾಲ್ಕು ಭಾಷಣ. ನಿವೃತ್ತಿಯ ಸಮಾರಂಭ ಒಂದು ಸಂಜೆಗೆ ಮುಗಿಯುತ್ತದೆ. ಮಾರನೆಯ ದಿನದಿಂದ ಮನೆಯವರು, ‘ಪಿಂಚಣಿ ಬರುತ್ತೆ, ಇನ್ನು ಸುಮ್ಮನೆ ಕೂತ್ಕೊಳ್ಳಿ’ ಎಂದು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ದುಡಿದ ಜೀವಕ್ಕೆ ಸುಮ್ಮನೆ ಕೂರುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಈ ತೊಡಕಿಗೆ ನಮ್ಮ ಹಿರಿಯರು ವಾನಪ್ರಸ್ಥ ಎಂದರು. ಕ್ರೈಸ್ತರ ಬೈಬಲ್ ಏನನ್ನುತ್ತದೆ?

ಬೈಬಲ್ಲಿನ ಅರಣ್ಯಕಾಂಡದ ಎಂಟನೆಯ ಅಧ್ಯಾಯದಲ್ಲಿ ನಿವೃತ್ತಿಯ ನಿಯಮವೊಂದಿದೆ. ದೇವದರ್ಶನದ ಗುಡಾರದ ಸೇವೆಗೆ ನೇಮಕವಾದವರು ಲೇವಿಯರು. 25ಕ್ಕೆ ಕೆಲಸಕ್ಕೆ ಸೇರಿದವರು 50ಕ್ಕೆ ಹೊರೆಗೆಲಸ ಬಿಡಬೇಕು. ಆದರೆ ಮನೆಗೆ ಹೋಗಬೇಕೆಂದಿಲ್ಲ. ಕಾವಲಿನಲ್ಲಿ ಕಿರಿಯರಿಗೆ ನೆರವಾಗುತ್ತ ಅಲ್ಲೇ ಇರಬಹುದು. ಹೆಗಲಿನ ಭಾರ ಇಳಿಯಿತು, ಕಣ್ಣಿನ ಎಚ್ಚರಕ್ಕೆ ಕೆಲಸ ಉಳಿಯಿತು.

ಲೂಕನ ಸುವಾರ್ತೆಯಲ್ಲಿ ಕೂಸು ಯೇಸುವನ್ನು ದೇವಾಲಯದಲ್ಲಿ ಗುರುತಿಸಿದವರು ಪೂಜಾರಿಗಳಲ್ಲ. ಸಾವಿನ ಹೊಸ್ತಿಲಲ್ಲಿದ್ದ ಸಿಮೆಯೋನ ಮತ್ತು 84ರ ವಿಧವೆ ಅನ್ನಳು. ಕಥೋಲಿಕ ಚರ್ಚುಗಳು ಪ್ರತಿ ಫೆಬ್ರುವರಿ 2ರಂದು ಈ ಘಟನೆಯನ್ನು ನೆನೆಯುತ್ತವೆ. 2021ರಿಂದ ಜುಲೈ ನಾಲ್ಕನೆಯ ಭಾನುವಾರ ಅಜ್ಜ–ಅಜ್ಜಿಯರ ದಿನವೂ ಸೇರಿದೆ.

ಇದು ಬರಿಯ ಉಪದೇಶವಲ್ಲ ಎನ್ನಲು ಕನ್ನಡವೇ ಸಾಕ್ಷಿ. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್ ಹುಟ್ಟಿದ್ದು 1832ರಲ್ಲಿ. ಸುಮಾರು 70 ಸಾವಿರ ಪದಗಳ ಅವರ ನಿಘಂಟು 1894ರಲ್ಲಿ ಹೊರಬಂದಾಗ ಅವರಿಗೆ 62. ಜರ್ಮನಿಗೆ ಮರಳಿದ ಮೇಲೂ ಕೈಕಟ್ಟಿ ಕೂರದೆ, ತೀರಿಕೊಂಡ ವರ್ಷವಾದ 1903ರಲ್ಲಿ ಕನ್ನಡ ವ್ಯಾಕರಣವನ್ನು ಕೊಟ್ಟರು. 1881ರಲ್ಲಿ ಹುಟ್ಟಿದ ರೆವರೆಂಡ್ ಉತ್ತಂಗಿ ಚನ್ನಪ್ಪನವರು ಸರ್ವಜ್ಞನ ವಚನಗಳನ್ನು ಸಂಗ್ರಹಿಸಿದ ಪಾದ್ರಿ. 1949ರಲ್ಲಿ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ‘ಅನುಭವ ಮಂಟಪದ ಐತಿಹಾಸಿಕತೆ’ ಪ್ರಕಟವಾದಾಗ ಅವರಿಗೆ 70ರ ಹತ್ತಿರ.

ವಿಜ್ಞಾನದ ಮೇಷ್ಟರಾಗಿ ಒಂದು ಮಾತು. ನಲವತ್ತು ದಾಟಿದರೆ ಕಣ್ಣಿನ ಮಸೂರ ಬಿರುಸಾಗಿ ಚಾಳೀಸು ಬರುತ್ತದೆ. ಸ್ನಾಯು ಸೊರಗುತ್ತದೆ, ಹೊಸ ಹೆಸರು ಬೇಗ ನೆನಪಿಗೆ ಬರುವುದಿಲ್ಲ. ಆದರೆ ಕಲಿತ ಪದಸಂಪತ್ತು, ಅನುಭವದ ತಿಳಿವಳಿಕೆ ಅಷ್ಟು ಬೇಗ ಕುಂದುವುದಿಲ್ಲ. ಹೊರೆ ಬೇಡ, ಕಾವಲು ಸಾಕು ಎಂಬ ಲೇವಿಯರ ನಿಯಮ ದೇಹಧರ್ಮಕ್ಕೂ ಒಪ್ಪುತ್ತದೆ.

ನಮ್ಮ ಸೀಮೆಯಲ್ಲಿ ಇದನ್ನು ವಿವರಿಸಬೇಕಾಗಿಲ್ಲ. ರಾಮನಗರ, ಕನಕಪುರ, ಮಾಗಡಿಯ ರೇಷ್ಮೆ ಮನೆಗಳಲ್ಲಿ ಸೊಪ್ಪಿನ ಮೂಟೆ ಹೊರಲಾರದ ಅಜ್ಜಿಯೂ ಹುಳು ಹಣ್ಣಾಯಿತೇ, ಚಂದ್ರಿಕೆಗೆ ಬಿಡಬಹುದೇ ಎಂದು ನೋಡಿ ಹೇಳಬಲ್ಲಳು. ಚನ್ನಪಟ್ಟಣದ ಗೊಂಬೆ ಕೆಲಸಗಾರನ ತೋಳು ಸೋತರೂ, ತಿರುಗುವ ಮರಕ್ಕೆ ಅರಗಿನ ಬಣ್ಣವನ್ನು ಎಷ್ಟು ಒತ್ತಿ ಹಿಡಿಯಬೇಕೆಂಬ ಹದ ಮರೆಯುವುದಿಲ್ಲ.

ಹಾಗಾದರೆ ಹಾಸಿಗೆ ಹಿಡಿದವರ ಗತಿ? ಉಪಯೋಗವಿದ್ದರಷ್ಟೇ ಗೌರವವೇ? ಇಲ್ಲಿ ಬೈಬಲ್ ಖಡಾಖಂಡಿತ. ತಂದೆ–ತಾಯಿಯನ್ನು ಗೌರವಿಸಬೇಕೆಂಬುದು ಹತ್ತು ಆಜ್ಞೆಗಳಲ್ಲೊಂದು. ಅದಕ್ಕೆ ‘ಕೆಲಸಕ್ಕೆ ಬಂದರೆ’ ಎಂಬ ಷರತ್ತಿಲ್ಲ. ಆಸ್ತಿಯನ್ನು ದೇವರಿಗೆ ಮುಡಿಪಿಟ್ಟೆನೆಂದು ನೆವ ಹೇಳಿ ಹೆತ್ತವರ ಕೈಬಿಡುವುದನ್ನು ಯೇಸು ನೇರವಾಗಿ ಖಂಡಿಸಿದ್ದು ಮಾರ್ಕನ ಸುವಾರ್ತೆಯಲ್ಲಿದೆ. ನಮ್ಮ ದೇಶದಲ್ಲಿ ಹೆತ್ತವರ ಜೀವನಾಂಶಕ್ಕಾಗಿ 2007ರಲ್ಲಿ ಕಾನೂನೇ ಬಂತು. ಜೀವನಾಂಶವನ್ನು ಕಾನೂನು ಕೊಡಿಸೀತು. ಪಕ್ಕದಲ್ಲಿ ಕೂತು ಮಾತನಾಡುವವರನ್ನು ಕೊಡಿಸಲಾರದು.

ವಿದ್ಯಾರ್ಥಿಗಳೇ, ಮನೆಯ ಹಿರಿಯರನ್ನು ಈ ವಾರ ಒಂದು ವಿಷಯ ಕೇಳಿ ಕಲಿಯಿರಿ: ಬಿತ್ತನೆಯ ಲೆಕ್ಕ, ಊರಿನ ಕೆರೆಯ ಕಥೆ, ಏನಾದರೂ ಸರಿ. ಪೋಷಕರೇ, ಅವರಿಗೆ ‘ಸುಮ್ಮನಿರಿ’ ಎನ್ನುವ ಮುನ್ನ ಮನೆಯ ಯಾವ ಕಾವಲನ್ನು ಅವರಿಗೆ ವಹಿಸಬಹುದೆಂದು ಯೋಚಿಸಿ. ನೀವು ಅವರನ್ನು ನಡೆಸಿಕೊಳ್ಳುವ ರೀತಿಯನ್ನು ನಿಮ್ಮ ಮಕ್ಕಳು ನೋಡುತ್ತಲೇ ಇದ್ದಾರೆ.