ಹಳೆ ಕಾರಿನೊಳಗೆ ಪ್ಲಾಟಿನಂ

ಕಾರಿನ ಅಡಿಯಲ್ಲಿ, ಸೈಲೆನ್ಸರ್‌ಗೂ ಮುಂಚೆ, ಒಂದು ಸ್ಟೀಲ್ ಡಬ್ಬಿ ಇರುತ್ತೆ. ಅದೇ ಕ್ಯಾಟಲಿಟಿಕ್ ಕನ್ವರ್ಟರ್. ಒಳಗೆ ಜೇನುಗೂಡಿನಂಥ ಸೆರಾಮಿಕ್. ತೂತು ತೂತಿನ ಗೋಡೆಗೂ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ. ಇರೋದು ಕೆಲವೇ ಗ್ರಾಂ. ಆದರೆ ಗಣಿಯಲ್ಲಿ ಒಂದು ಟನ್ ಅದಿರು ಅಗೆದರೂ ಸಿಗೋದು ಅಷ್ಟೇ!

ಕನ್ವರ್ಟರ್‌ನಿಂದ ಈ ಲೋಹಗಳನ್ನು ತೆಗೆಯೋಕೆ ಹಳೆ ದಾರಿ, 1500 ಡಿಗ್ರಿ ದಾಟುವ ಕುಲುಮೆ. ಇಲ್ಲವೇ ನೈಟ್ರಿಕ್ ಆಮ್ಲ ಬೆರೆಸಿದ ದ್ರಾವಣ, ಅದರಿಂದೇಳುವ ಕಂದು ವಿಷಗಾಳಿ.

ಈಗ ನೈಟ್ರಿಕ್ ಬದಲು, ಹೈಡ್ರೋಕ್ಲೋರಿಕ್ ಆಮ್ಲದ ಜೊತೆ ಹೈಡ್ರೋಜನ್ ಪೆರಾಕ್ಸೈಡ್. ಕೆಲಸ ಮುಗಿದ ಮೇಲೆ ಪೆರಾಕ್ಸೈಡ್ ನೀರಾಗುತ್ತೆ. ಬಿಸಿ 100 ಡಿಗ್ರಿಯೂ ಬೇಡ. ಹಾಗಂತ ಉಳಿದ ಆಮ್ಲವನ್ನು ಚರಂಡಿಗೆ ಬಿಡೋ ಹಾಗಿಲ್ಲ, ಶುದ್ಧೀಕರಿಸಲೇಬೇಕು.

ಸತಾಯಿಸೋದು ರೋಡಿಯಂ. ವರ್ಷಗಟ್ಟಲೆ ಬಿಸಿಯಲ್ಲಿ ಕಾದು ಆಕ್ಸೈಡ್ ಆಗಿ ಕಚ್ಚಿಕೊಂಡಿರುತ್ತೆ. ಮೊದಲು ಫಾರ್ಮಿಕ್ ಆಮ್ಲ ಹಾಕಿ ಆ ಆಕ್ಸಿಜನ್ ಕಿತ್ತರೆ, ಕರಗೋದು ಸಲೀಸು.