ಕುಂದು ಬೇರೆ, ಅಪರಾಧ ಬೇರೆ

ಮದುವೆ, ಉಪನಯನಗಳ ಮನೆಯಲ್ಲಿ ಊಟ ಮುಗಿಸಿ ಹೊರಟ ನೆಂಟರಿಗೆ ಮನೆಯ ಹಿರಿಯರು ಕೈಮುಗಿದು ಹೇಳುವ ಮಾತೊಂದಿದೆ: ‘ಏನಾದರೂ ಕುಂದುಕೊರತೆ ಆಗಿದ್ದರೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ.’ ಪಾಯಸ ಎರಡನೆಯ ಸಲ ಬಾರದುದು, ಬಂದವರನ್ನು ಸರಿಯಾಗಿ ಮಾತನಾಡಿಸದುದು ಎಲ್ಲವೂ ಆ ಒಂದು ಮಾತಿನಲ್ಲಿ ಅಡಗುತ್ತವೆ. ಅಲ್ಲಿ ‘ಅಪರಾಧ’ ಎಂದರೆ ಕೇಳಿದವರು ಬೆಚ್ಚಿಯಾರು.

‘ಕುಂದು’ ಕ್ರಿಯಾಪದವೂ ಹೌದು. ಕಡಿಮೆಯಾಗು, ಕ್ಷೀಣಿಸು ಎಂದು ಅದರ ಅರ್ಥ. ಮುಖ ಕಳೆಗುಂದುತ್ತದೆ, ಮುದುಕರು ಬಲಗುಂದುತ್ತಾರೆ, ಸೋತವನು ಎದೆಗುಂದುತ್ತಾನೆ. ನಾಮಪದವಾದಾಗ ಅದು ಮನುಷ್ಯನ ಗುಣನಡತೆಯಲ್ಲಿನ ನ್ಯೂನತೆಯನ್ನು ಹೇಳುತ್ತದೆ. ‘ತಪ್ಪು’ ಎಂದರೆ ದಾರಿ ಬಿಟ್ಟು ನಡೆದದ್ದು. ‘ಕುಂದು’ ಎಂದರೆ ಇರಬೇಕಾದಷ್ಟು ಇಲ್ಲದಿರುವುದು. ಮುಂಗೋಪಿಗೆ ತಾಳ್ಮೆ ಸಾಲದು, ಜಿಪುಣನಿಗೆ ಔದಾರ್ಯ ಸಾಲದು. ಸಾಲದ್ದನ್ನು ತುಂಬಿಕೊಳ್ಳಬಹುದೆಂಬ ಭರವಸೆ ಈ ಶಬ್ದದಲ್ಲಿದೆ. ಹಾಗೆಂದು ಇದು ಯಾವಾಗಲೂ ಹಗುರವಲ್ಲ. ‘ಮನೆತನದ ಹೆಸರಿಗೆ ಕುಂದು ತರಬೇಡ’ ಎಂದು ತಂದೆ ಹೇಳಿದರೆ ಮಗ ತಲೆ ತಗ್ಗಿಸಲೇಬೇಕು.

ನಮ್ಮ ನೆರೆಯ ಮಲಯಾಳದಲ್ಲಿ ಇದಕ್ಕೆ ಹತ್ತಿರದ ಶಬ್ದ ‘ಕುಟ್ಟಂ’. ‘ಕುಟ್ಟವುಂ ಕುರವುಂ’ ಎಂಬ ಅವರ ಜೋಡಿ ನಮ್ಮ ‘ಕುಂದುಕೊರತೆ’ಯಂತೆಯೇ ಇದೆ. ಕುರವು, ಕೊರತೆ ಎರಡೂ ಒಂದೇ ಬೇರಿನ ಮಾತುಗಳು. ‘ಕುಟ್ಟಂ ಪರಯುಕ’ ಎಂದರೆ ಹುಳುಕು ಎತ್ತಿ ಆಡುವುದು. ಆದರೆ ಪೊಲೀಸರು ನ್ಯಾಯಾಲಯಕ್ಕೆ ಸಲ್ಲಿಸುವ ಆರೋಪಪಟ್ಟಿಯೂ ‘ಕುಟ್ಟಪತ್ರಂ’. ಮನೆಯ ಹುಳುಕಿಗೂ ಕಾನೂನಿನ ಅಪರಾಧಕ್ಕೂ ಅಲ್ಲಿ ಒಂದೇ ಮಾತು.

1956ರ ನವೆಂಬರ್ 1ರಿಂದ ಕೇರಳದವರಾದ ಕಾಸರಗೋಡಿನ ಕನ್ನಡಿಗರಿಗೆ ಅನುವಾದವೆಂಬುದು ಪಂಡಿತರ ಹವ್ಯಾಸವಲ್ಲ, ನಿತ್ಯದ ಅಗತ್ಯ. ಒಬ್ಬ ನೌಕರನ ಕೆಲಸದಲ್ಲಿ ಕೆಲವು ‘ಕುಟ್ಟಙಳುಂ ಕುರವುಗಳುಂ’ ಕಂಡಿವೆ ಎಂಬುದನ್ನು ‘ಅಪರಾಧಗಳು’ ಎಂದು ಕನ್ನಡಿಸಿದರೆ, ಕಡತ ತಡಮಾಡಿದವನು ಕಳ್ಳನ ಸಾಲಿಗೆ ಸೇರುತ್ತಾನೆ. ‘ಕುಟ್ಟಕ್ಕಾರನ್’ ಎಂದು ನ್ಯಾಯಾಲಯ ತೀರ್ಮಾನಿಸಿದವನನ್ನು ‘ಕುಂದುಳ್ಳವನು’ ಎಂದರೆ ಕಳ್ಳನೇ ಪಾರಾಗುತ್ತಾನೆ.

ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ, ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ, ಎರಡೂ ಮಂಗಳೂರಿನಲ್ಲೇ ಪ್ರಕಟವಾದವು. ಆದರೆ ಯಾರು, ಯಾರಿಗೆ, ಎಲ್ಲಿ ಹೇಳಿದರೆಂದು ನೋಡದೆ ನಿಘಂಟು ಒಂದನ್ನೇ ನಂಬಿದರೆ ಸಾಲದು. ಮಾತು ಮನೆಯದೋ ನ್ಯಾಯಾಲಯದ್ದೋ ಎಂದು ಮೊದಲು ಕೇಳಿಕೊಳ್ಳೋಣ; ಶಬ್ದ ಆಮೇಲೆ ಸಿಗುತ್ತದೆ. ಎರಡು ಭಾಷೆ ಬಲ್ಲವರಿಗೆ ಇದು ಕಷ್ಟವಲ್ಲ. ಅವಸರದಲ್ಲಿ ನಾವು ಆಡುವ ಒಂದು ಶಬ್ದದಿಂದ ಇನ್ನೊಬ್ಬರ ಮಾನಕ್ಕೆ ಕುಂದು ಬರಬಾರದು.